ಪಾರ್ನೆಲ್ ಸಂಸತ್ತಿನಲ್ಲಿ ಮಾಡಿದ್ದು ಬರೀ ಗಲಾಟೆಯಾ?

ಪ್ರಶ್ನೆ: ಐರ್ಲೆಂಡಿನ ಚಾರ್ಲ್ಸ್ ಸ್ಟೂವರ್ಟ್ ಪಾರ್ನೆಲ್ ಬ್ರಿಟಿಷ್ ಸಂಸತ್ತಿನಲ್ಲಿ ಗದ್ದಲ ಎಬ್ಬಿಸಿ ಕಲಾಪ ಕೆಡಿಸುತ್ತಿದ್ದರಂತೆ. ಈಗ ನಮ್ಮ ಸದನಗಳಲ್ಲಿ ನಡೆಯುವುದೂ ಅದೇ ಅಲ್ವಾ?

ಅಲ್ಲ. ಎಷ್ಟು ಸಲ ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತಲೇ ಇದೆ. ಈ ಸಲ ಬಿಡಿಸಿಯೇ ಹೇಳುತ್ತೇನೆ.

ಆಗ ಐರ್ಲೆಂಡ್ ಬ್ರಿಟನ್ನಿನ ಆಳ್ವಿಕೆಯಲ್ಲಿತ್ತು, ಅಲ್ಲಿನ ಸದಸ್ಯರೂ ಬ್ರಿಟಿಷ್ ಸಂಸತ್ತಿನಲ್ಲೇ ಕೂರುತ್ತಿದ್ದರು. ಪಾರ್ನೆಲ್ 1875ರಲ್ಲಿ ಐರ್ಲೆಂಡಿನ ಮೀತ್ ಕ್ಷೇತ್ರದಿಂದ ಗೆದ್ದು ಅದರ ಕೆಳಮನೆಯಾದ ಕಾಮನ್ಸ್ ಸಭೆಗೆ ಬಂದರು. ಸುಮಾರು 650 ಮಂದಿಯ ಆ ಸಭೆಯಲ್ಲಿ ಐರ್ಲೆಂಡಿನವರು ನೂರಕ್ಕೆ ಸ್ವಲ್ಪ ಜಾಸ್ತಿ. ಅವರಲ್ಲಿ ಸ್ವಯಮಾಡಳಿತ ಕೇಳುವವರು ಇನ್ನೂ ಕಡಿಮೆ. ಮತಕ್ಕೆ ಹಾಕಿದರೆ ಸೋಲು ಗ್ಯಾರಂಟಿ. ಆದರೆ ಆಗಿನ ನಿಯಮ ಹೇಗಿತ್ತು ಗೊತ್ತಾ? ಮಾತಾಡಲು ಒಬ್ಬ ಸದಸ್ಯ ಎದ್ದು ನಿಂತರೂ ಸಾಕು, ಚರ್ಚೆ ಮುಗಿಸುವ ಅಧಿಕಾರ ಸ್ಪೀಕರ್‌ಗೂ ಇರಲಿಲ್ಲ.

ಬೆಲ್‌ಫಾಸ್ಟಿನ ಹಂದಿಮಾಂಸದ ವ್ಯಾಪಾರಿ, ಐರಿಶ್ ಸದಸ್ಯ ಜೋಸೆಫ್ ಬಿಗ್ಗರ್ ಇದನ್ನು ಚೆನ್ನಾಗಿ ಅರಿತಿದ್ದರು. ಮತದಾನ ತಡೆಯಲು ಸರ್ಕಾರದ್ದೇ ವರದಿಗಳನ್ನು ಹಿಡಿದು ಗಂಟೆಗಟ್ಟಲೆ ಓದುತ್ತಿದ್ದರು. ಪಾರ್ನೆಲ್ ಅದೇ ದಾರಿ ಹಿಡಿದರು, ಇನ್ನೂ ಜಾಣತನದಿಂದ. ಮಸೂದೆಯ ಒಂದೊಂದು ಕಲಮನ್ನೂ ಓದಿ, ಒಂದೊಂದಕ್ಕೂ ತಿದ್ದುಪಡಿ ತರುತ್ತಿದ್ದರು. 1879ರಲ್ಲಿ ಸೇನಾ ಮಸೂದೆ ಬಂದಾಗ ಸೈನಿಕರಿಗೆ ಕೊಡುವ ಚಾಟಿಯೇಟಿನ ಶಿಕ್ಷೆಯನ್ನೇ ಹಿಡಿದು ಕೂತರು. ಬ್ರಿಟಿಷ್ ಸದಸ್ಯರಲ್ಲೂ ಕೆಲವರು ಜೊತೆಗೂಡಿದರು. ಏಟಿನ ಮಿತಿ 25ಕ್ಕೆ ಇಳಿಯಿತು, 1881ರಲ್ಲಿ ಆ ಶಿಕ್ಷೆಯೇ ಹೋಯಿತು. ಸುಮ್ನೆ ಕೂಗಾಡಿದ್ದರೆ ಇದು ಆಗುತ್ತಿತ್ತಾ? ಹೋಮ್‌ವರ್ಕ್ ಮಾಡದವರಿಗೆ ಈ ಕೆಲಸ ಸಾಧ್ಯವೇ ಇಲ್ಲ. ಬಾವಿಗಿಳಿದು ಘೋಷಣೆ ಕೂಗಲು ಮಸೂದೆ ಓದಿರಬೇಕೆಂದೇನೂ ಇಲ್ಲ.

ಪಾರ್ನೆಲ್ ಪಕ್ಷದವರ ಹಟ ತುದಿ ಮುಟ್ಟಿದ್ದು 1881ರಲ್ಲಿ. ವಿಚಾರಣೆಯಿಲ್ಲದೆ ಐರಿಶರನ್ನು ಜೈಲಿಗೆ ಹಾಕುವ ಮಸೂದೆ ಬಂದಿತ್ತು. ಜನವರಿ 31ರ ಸೋಮವಾರ ಮಧ್ಯಾಹ್ನ ಕೂತ ಸಭೆ ಬುಧವಾರ ಬೆಳಿಗ್ಗೆಯಾದರೂ ಏಳಲಿಲ್ಲ. 41 ಗಂಟೆ! ಸ್ಪೀಕರ್ ಹೆನ್ರಿ ಬ್ರಾಂಡ್ ಪೀಠಕ್ಕೆ ಮರಳಿದಾಗ ಬಿಗ್ಗರ್ ಮಾತಾಡುತ್ತಿದ್ದರು. ಬಿಗ್ಗರ್‌ಗೆ ಮತ್ತೆ ಅವಕಾಶ ಕೊಡದೆ, ಬ್ರಾಂಡ್ ತಮ್ಮದೇ ಜವಾಬ್ದಾರಿಯ ಮೇಲೆ ಚರ್ಚೆ ಮುಗಿಸಿ ಪ್ರಶ್ನೆಯನ್ನು ಮತಕ್ಕೆ ಹಾಕಿದರು. ಐರಿಶ್ ಸದಸ್ಯರು 'ಹಕ್ಕುಚ್ಯುತಿ' ಎಂದು ಕೂಗುತ್ತಾ ಹೊರನಡೆದರು. ಹೌದು, ಆಗ ಕೂಗಿದರು. ಆದರೆ ನಿಯಮ ಮೀರಿದ್ದು ಅವತ್ತು ಪೀಠ. ಮರುದಿನ 36 ಐರಿಶ್ ಸದಸ್ಯರು ಅಮಾನತಾದರು, ಕೊನೆಗೆ ಮಸೂದೆಯೂ ಪಾಸಾಯಿತು.

ಹಾಗಾದರೆ ನಮ್ಮ ಬಜೆಟ್ ಅಧಿವೇಶನದಲ್ಲಿ ಕೇಳುವ 'ಗಿಲೊಟಿನ್' ಎಲ್ಲಿಂದ ಬಂತು? ಯಾರೂ ಕೇಳಿಲ್ಲ, ಆದರೂ ಹೇಳಲೇಬೇಕು. ಚರ್ಚೆ ಮುಗಿಸುವ ನಿಯಮವನ್ನು ಕಾಮನ್ಸ್ ಸಭೆ 1882ರಲ್ಲಿ ಬರೆದುಕೊಂಡಿತು. 1887ರಲ್ಲಿ ಐರ್ಲೆಂಡಿನ ಮೇಲಿನ ಇನ್ನೊಂದು ದಮನ ಮಸೂದೆಗೆ, ಗೊತ್ತಾದ ಹೊತ್ತಿಗೆ ಉಳಿದದ್ದನ್ನೆಲ್ಲ ಚರ್ಚೆಯಿಲ್ಲದೆ ಮತಕ್ಕೆ ಹಾಕುವ ಗಿಲೊಟಿನ್ ಬಳಸಿತು. ನಮ್ಮ ಲೋಕಸಭೆಯಲ್ಲಿ ಎರಡೂ ಇವೆ. ಮುಂದಿನ ಸಲ ಗಿಲೊಟಿನ್ ಸುದ್ದಿ ಬಂದಾಗ, ಯಾವ ಯಾವ ಸಚಿವಾಲಯದ ಅನುದಾನ ಬೇಡಿಕೆಗಳು ಒಂದು ಮಾತೂ ಇಲ್ಲದೆ ಪಾಸಾದವು ಎಂದು ದಯವಿಟ್ಟು ನೋಡಿ.