ಜಿಬೂಟಿ ಬರೀ ಕಲ್ಲು, ಉಪ್ಪು ಅಂತಾರೆ. ಅಲ್ಲಿ ಪ್ರಾಣಿಗಳು ಕಾಣಿಸ್ತಾವಾ?

ಪ್ರಶ್ನೆ: ಡಿಸೆಂಬರ್ ರಜೆಗೆ ಪೂರ್ವ ಆಫ್ರಿಕಾದ ಜಿಬೂಟಿಗೆ ಹೋಗೋಣ ಅಂತಿದ್ದೇವೆ. ಫೋಟೋಗಳಲ್ಲಿ ನೋಡಿದರೆ ಎಲ್ಲಾ ಕಡೆ ಕರಿಕಲ್ಲು, ಉಪ್ಪು, ಬಿಸಿಲು. ಕೀನ್ಯಾದ ಥರ ಪ್ರಾಣಿಗಳೇನಾದರೂ ನೋಡೋಕೆ ಸಿಗುತ್ತವಾ? ಅಥವಾ ಸುಮ್ನೆ ದುಡ್ಡು ದಂಡವಾ?

ಉತ್ತರ: ಕೀನ್ಯಾದ ಥರ ಸಿಗಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳಗ್ಗೆ ಆನೆ, ಮಧ್ಯಾಹ್ನ ಸಿಂಹ ಅಂತ ಜೀಪಿನಲ್ಲಿ ಕೂತು ಲೆಕ್ಕ ಹಾಕುವ ದೇಶ ಇದಲ್ಲ. ಇಲ್ಲಿ ಪ್ರಾಣಿ ನೋಡಬೇಕು ಅಂದ್ರೆ ನೀರು ಎಲ್ಲಿದೆ ಅಂತ ನೋಡಬೇಕು. ಮೊದಲು ಸಮುದ್ರ. ನೀವು ಡಿಸೆಂಬರ್ ಅಂದಿದ್ದೀರಲ್ಲ, ಅದು ಸರಿಯಾದ ತಿಂಗಳು.

ನವೆಂಬರಿನಿಂದ ಜನವರಿವರೆಗೆ, ಕೆಲವು ಸಲ ಫೆಬ್ರವರಿಯಲ್ಲೂ, ತಾಜೂರಾ ಕೊಲ್ಲಿಗೆ ವೇಲ್ ಶಾರ್ಕ್‌ಗಳು ಬರುತ್ತವೆ. ಜಗತ್ತಿನ ಅತಿ ದೊಡ್ಡ ಮೀನು ಇದು. ಹೆಸರಲ್ಲಿ ವೇಲ್ ಇದ್ದರೂ ತಿಮಿಂಗಿಲ ಅಲ್ಲ. ಶಾರ್ಕ್ ಆದರೂ ಮನುಷ್ಯರ ತಂಟೆಗೆ ಬರಲ್ಲ. ಬಾಯಿ ತೆರೆದುಕೊಂಡು ನೀರು ಕುಡಿಯುತ್ತಾ, ಅದರಲ್ಲಿರುವ ಪ್ಲಾಂಕ್ಟನ್ ಅನ್ನೋ ತೀರಾ ಸಣ್ಣ ಜೀವಿಗಳನ್ನು ಸೋಸಿಕೊಂಡು ತಿನ್ನುತ್ತದೆ. ರಾಜಧಾನಿಯ ಪಶ್ಚಿಮಕ್ಕೆ ಆರ್ತಾ ಅಂತ ಒಂದು ಕಡಲತೀರ ಇದೆ. ಆ ತಿಂಗಳುಗಳಲ್ಲಿ ಅವು ದಡದಿಂದ ಸ್ವಲ್ಪ ದೂರದಲ್ಲೇ ಮೇಯುತ್ತವೆ. ದೋಣಿಯಿಂದ ಇಳಿದು, ಮುಖಕ್ಕೆ ಮಾಸ್ಕ್ ಹಾಕಿಕೊಂಡು ತೇಲಿದರೆ ಸಾಕು. ಸಿಲಿಂಡರ್ ಹೊತ್ತು ಆಳಕ್ಕೆ ಹೋಗುವ ಅಗತ್ಯವಿಲ್ಲ.

ನೀರೊಳಗೆ ಮೊದಲು ಕಾಣುವುದು ಚುಕ್ಕಿಗಳು. ರಂಗೋಲಿಯ ಗೆರೆ ಎಳೆಯುವ ಮುಂಚೆ ಇಟ್ಟ ಚುಕ್ಕಿಗಳ ಹಾಗೆ, ಬೂದು ಬೆನ್ನಿನ ತುಂಬಾ ಸಾಲು ಸಾಲು ಬಿಳಿ ಚುಕ್ಕಿ. ಆಮೇಲೆ ಅಗಲವಾದ ಚಪ್ಪಟೆ ಬಾಯಿ. ಒಂದು ಮೀನಿನ ಚುಕ್ಕಿ ಇನ್ನೊಂದರ ಹಾಗಿರುವುದಿಲ್ಲ. ಅದಕ್ಕೇ ಸಂಶೋಧಕರು ಕಿವಿರಿನ ಹಿಂದಿನ ಭಾಗದ ಫೋಟೋ ತೆಗೆದು, ಇದು ಹೋದ ವರ್ಷ ಬಂದಿದ್ದ ಮೀನೇ ಅಂತ ಗುರುತು ಹಿಡಿಯುತ್ತಾರೆ. ಖಗೋಳ ವಿಜ್ಞಾನಿಗಳು ನಕ್ಷತ್ರಗಳ ಚಿತ್ರ ಹೋಲಿಸಲು ಮಾಡಿಕೊಂಡ ಲೆಕ್ಕವನ್ನೇ ಈ ಕೆಲಸಕ್ಕೂ ಬಳಸಿದ್ದಾರೆ.

ಜಿಬೂಟಿಗೆ ಬರುವ ವೇಲ್ ಶಾರ್ಕ್‌ಗಳಲ್ಲಿ ಹೆಚ್ಚಿನವು ಇನ್ನೂ ಬೆಳೆಯದ ಗಂಡುಗಳು. ಉದ್ದ ಸುಮಾರು 4 ಮೀಟರ್. ಪೂರ್ತಿ ಬೆಳೆದ ಮೀನು 12 ಮೀಟರ್ ದಾಟಬಹುದು, ಅದರ ಮುಂದೆ ಇವು ಹೈಸ್ಕೂಲ್ ಹುಡುಗರು. ಅನೇಕ ಮೀನುಗಳ ಮೈಮೇಲೆ ದೋಣಿಯ ಪ್ರೊಪೆಲ್ಲರ್ ತಾಗಿದ ಗಾಯದ ಗುರುತು ಇರುತ್ತದೆ. ಹಾಗಾಗಿ ದೋಣಿ ಗೊತ್ತು ಮಾಡುವಾಗ ರೇಟ್ ಜೊತೆ ಇನ್ನೊಂದು ಮಾತೂ ಕೇಳಿ: ಮೀನು ಕಂಡಾಗ ಇಂಜಿನ್ ಆಫ್ ಮಾಡ್ತೀರಾ? ಉತ್ತರ ತಡವರಿಸಿದರೆ ಬೇರೆ ದೋಣಿ ನೋಡಿ. ನೀರಲ್ಲಿ ಮೂರು ನಾಲ್ಕು ಮೀಟರ್ ದೂರ ಇರಿ. ಮುಟ್ಟಬೇಡಿ, ಫ್ಲ್ಯಾಶ್ ಹೊಡೆಯಬೇಡಿ.

ಈ ಕೊಲ್ಲಿ ಇಲ್ಲಿ ಯಾಕಿದೆ ಅನ್ನೋದು ಗೊತ್ತಾದರೆ ಉಳಿದ ಜಿಬೂಟಿಯೂ ಅರ್ಥವಾಗುತ್ತದೆ. ಭೂಮಿಯ ಹೊರಪದರದ ಮೂರು ದೊಡ್ಡ ಫಲಕಗಳು ಈ ಭಾಗದಲ್ಲಿ ಒಂದರಿಂದ ಒಂದು ದೂರ ಸರಿಯುತ್ತಿವೆ. ನೆಲ ಬಿರಿದ ಕಡೆ ಸಮುದ್ರ ಒಳಗೆ ನುಗ್ಗಿದೆ, ಅದೇ ತಾಜೂರಾ ಕೊಲ್ಲಿ. ಬಿರುಕು ಅಲ್ಲಿಗೇ ನಿಂತಿಲ್ಲ, ನೆಲದ ಮೇಲೂ ಮುಂದುವರಿದಿದೆ. 1978ರ ನವೆಂಬರಿನಲ್ಲಿ ಆರ್ದೂಕೋಬಾ ಅನ್ನೋ ಹೊಸ ಜ್ವಾಲಾಮುಖಿಯೇ ಇಲ್ಲಿ ಹುಟ್ಟಿತು. ಒಂದು ವಾರ ಲಾವಾ ಹರಿದು ನಿಂತಿತು. ಅಷ್ಟರಲ್ಲಿ ಬಿರುಕಿನ ಎರಡು ಬದಿ ಒಂದು ಮೀಟರಿಗಿಂತ ಜಾಸ್ತಿ ದೂರ ಸರಿದಿದ್ದವು. ನಮ್ಮ ಬೆಳಗಾವಿ, ವಿಜಯಪುರ, ಬೀದರ ಕಡೆಯ ಕರಿಕಲ್ಲೂ ಒಂದು ಕಾಲದ ಲಾವಾನೇ. ಆದರೆ ಅದು ಸುಮಾರು 6.6 ಕೋಟಿ ವರ್ಷ ಹಳೆಯದು, ಸವೆದು ಎರೆ ಮಣ್ಣಾಗಿ ಜೋಳ ಬೆಳೆಯುತ್ತಿದೆ. ಆರ್ದೂಕೋಬಾದ ಕಲ್ಲಿಗೆ ಇನ್ನೂ ಐವತ್ತು ವರ್ಷವೂ ಆಗಿಲ್ಲ. ಹುಲ್ಲು ಕೂಡ ಸರಿಯಾಗಿ ಹಿಡಿದಿಲ್ಲ.

ಆ ಲಾವಾ ಗುಡ್ಡದ ಆಚೆ ಬದಿಗೆ ಅಸಾಲ್ ಸರೋವರ. ಸಮುದ್ರ ಮಟ್ಟಕ್ಕಿಂತ 155 ಮೀಟರ್ ಕೆಳಗಿದೆ, ಇಡೀ ಆಫ್ರಿಕಾದಲ್ಲೇ ಅತಿ ತಗ್ಗಿನ ಜಾಗ. ಕೊಲ್ಲಿಯ ನೀರು ಕಲ್ಲಿನ ಬಿರುಕುಗಳಲ್ಲಿ ಜಿನುಗಿ ಇಲ್ಲಿಗೆ ಬರುತ್ತದೆ. ಹೊರಗೆ ಹೋಗಲು ದಾರಿ ಇಲ್ಲ, ಬಿಸಿಲಿಗೆ ಆವಿಯಾಗುವುದೊಂದೇ ಗತಿ. ಹೀಗಾಗಿ ಸಮುದ್ರಕ್ಕಿಂತ ಹತ್ತು ಪಟ್ಟು ಉಪ್ಪು. ಇದರಲ್ಲಿ ಮೀನು ಬದುಕಲ್ಲ, ಪ್ರಾಣಿ ನೋಡೋಕೆ ಇಲ್ಲಿಗೆ ಹೋಗಬೇಡಿ. ಆದರೆ ದಡದಲ್ಲಿ ಒಮ್ಮೆ ಬಗ್ಗಿ ಒಂದು ಹಿಡಿ ಎತ್ತಿಕೊಳ್ಳಿ. ಕೈಯಲ್ಲಿ ಮರಳಿರುವುದಿಲ್ಲ, ಸಬ್ಬಕ್ಕಿಯಂಥ ದುಂಡು ಉಪ್ಪಿನ ಮಣಿಗಳಿರುತ್ತವೆ. ಕೆಲವು ಗೋಲಿಯಷ್ಟು ದಪ್ಪ. ಈ ಭಾಗದಲ್ಲಿ ವಾಸಿಸುವ ಅಫಾರ್ ಜನ ಶತಮಾನಗಳಿಂದ ಈ ಉಪ್ಪನ್ನೇ ಒಂಟೆಗಳ ಮೇಲೆ ಹೇರಿಕೊಂಡು ಇಥಿಯೋಪಿಯಾ ಕಡೆ ಮಾರಲು ಹೋಗುತ್ತಿದ್ದರು. ಈಗ ದಡದಲ್ಲಿ ಉಪ್ಪು ಮೆತ್ತಿದ ಮೇಕೆ ಬುರುಡೆಗಳನ್ನು ಪ್ರವಾಸಿಗರಿಗೆ ಮಾರುತ್ತಾರೆ. ಮನೆಗೆ ತರೋದು ಬೇಡ ಅಂತ ನನ್ನ ಅಭಿಪ್ರಾಯ. ಬೆಂಗಳೂರಿನ ಮಳೆಗಾಲಕ್ಕೆ ನೀರು ಬಿಟ್ಟುಕೊಳ್ಳುತ್ತೆ.

ನೆಲದ ಮೇಲೆ ಒಂದೇ ಜಾಗಕ್ಕೆ ಸಮಯ ಇದೆ ಅಂದ್ರೆ ನಾನು ಅಬ್ಬೆ ಸರೋವರ ಅನ್ನುತ್ತೇನೆ. ಇಥಿಯೋಪಿಯಾ ಗಡಿಯಲ್ಲಿದೆ, ದಿಖಿಲ್ ಊರಿನ ಮೇಲೆ ಹೋಗಬೇಕು. ದಾರಿ ಕೆಟ್ಟದ್ದು, ಫೋರ್ ವೀಲ್ ಡ್ರೈವ್ ಗಾಡಿ ಮತ್ತು ದಾರಿ ಬಲ್ಲ ಸ್ಥಳೀಯ ಡ್ರೈವರ್ ಇಲ್ಲದೆ ಹೊರಡಲೇಬೇಡಿ. ದೂರದಿಂದ ನೋಡಿದರೆ ರಾಕ್ಷಸ ಹುತ್ತಗಳ ಊರು ಇದ್ದ ಹಾಗಿರುತ್ತದೆ. ಕೆಲವು 50 ಮೀಟರ್ ಎತ್ತರ. ಸರೋವರ ತುಂಬಿದ್ದ ಕಾಲದಲ್ಲಿ ತಳದಿಂದ ಬಿಸಿನೀರಿನ ಬುಗ್ಗೆಗಳು ಉಕ್ಕಿ, ಅದರಲ್ಲಿದ್ದ ಸುಣ್ಣ ಪದರ ಪದರವಾಗಿ ಕೂತು ಬೆಳೆದ ಕಂಬಗಳು ಇವು. ನೀರು ಇಳಿಯಿತು, ಕಂಬಗಳು ನಿಂತುಬಿಟ್ಟವು. ಕೆಲವದರಿಂದ ಈಗಲೂ ಆವಿ ಏಳುತ್ತದೆ. ಇಲ್ಲಿಗೆ ಬಂದು ಮುಗಿಯುವ ಆವಾಶ್ ನದಿಯ ನೀರನ್ನು ಇಥಿಯೋಪಿಯಾದಲ್ಲಿ ಹೊಲಗಳಿಗೆ ತಿರುಗಿಸಿದ ಮೇಲೆ ಸರೋವರ ಇನ್ನೂ ಕುಗ್ಗಿತು.

ರಾತ್ರಿ ಅಲ್ಲೇ ಅಫಾರ್ ಜನರ ಕ್ಯಾಂಪಿನಲ್ಲಿ ಉಳಿಯಿರಿ. ಬೆಳಗಿನ ಚಳಿಗೆ ಆವಿ ದಟ್ಟವಾಗಿ ಕಾಣುತ್ತದೆ. ಕಂಬಗಳ ನಡುವೆ ಮೇಕೆ ಹಿಂಡು ಹೊರಡುತ್ತದೆ. ನೀರಿನಂಚಿನಲ್ಲಿ ಒಂದು ಗುಲಾಬಿ ಗೆರೆ ಕಂಡರೆ ಅವು ಫ್ಲೆಮಿಂಗೋಗಳು, ನಮ್ಮ ರಾಜಹಂಸ. ಹತ್ತಿರ ಹೋಗುವ ಆಸೆ ಬೇಡ, ದಡದ ಕೆಸರಲ್ಲಿ ಕಾಲು ಹೂತುಹೋಗುತ್ತೆ. ಬೈನಾಕ್ಯುಲರ್ ಒಯ್ಯಿರಿ.

ಉಳಿದ ಪ್ರಾಣಿಗಳು ದಾರಿಯಲ್ಲಿ ಅದೃಷ್ಟ ಇದ್ದಷ್ಟು. ಗಜೆಲ್ ಜಿಂಕೆಗಳು, ಮೊಲಕ್ಕಿಂತ ಸ್ವಲ್ಪ ದೊಡ್ಡದಾದ ಡಿಕ್ ಡಿಕ್, ಹೆಗಲ ಮೇಲೆ ಬಿಳಿ ಕೇಸರ ಹೊದ್ದ ಹಮದ್ರಿಯಾಸ್ ಬಬೂನ್ ಕೋತಿಗಳು. ಚೀತಾ ನೋಡಬೇಕಾದರೆ ರಾಜಧಾನಿಯ ಹೊರಗಿನ ಡೆಕಾನ್ ಆಶ್ರಯಧಾಮಕ್ಕೆ ಹೋಗಿ. ಕೊಲ್ಲಿ ದೇಶಗಳಲ್ಲಿ ಸಾಕೋಕೆ ಅಂತ ಕಳ್ಳಸಾಗಣೆ ಮಾಡುವ ಮರಿಗಳನ್ನು ಹಿಡಿದಾಗ ಇಂಥ ಕಡೆ ತಂದು ಬೆಳೆಸುತ್ತಾರೆ. ಯಾವ ದಿನ, ಎಷ್ಟು ಹೊತ್ತಿಗೆ ತೆರೆದಿರುತ್ತೆ ಅಂತ ಕೇಳಿಕೊಂಡೇ ಹೊರಡಿ.

ನೀವು ಹಕ್ಕಿ ಹುಚ್ಚಿನವರಾದರೆ ಮಾತೇ ಬೇರೆ. ತಾಜೂರಾ ಊರಿನ ಹಿಂದಿನ ಗೋಡಾ ಬೆಟ್ಟದಲ್ಲಿ ದೇ ಅನ್ನೋ ಕಾಡಿದೆ. ಈ ದೇಶ ಬಿಟ್ಟು ಬೇರೆಲ್ಲೂ ಇಲ್ಲದ ಜಿಬೂಟಿ ಫ್ರಾಂಕೋಲಿನ್ ಅಲ್ಲಿದೆ. ನಮ್ಮ ಗೌಜಲ ಹಕ್ಕಿಯ ನೆಂಟ. ಆ ಕಾಡಿನ ಜೂನಿಪರ್ ಮರಗಳು ಒಣಗಿ ಸಾಯುತ್ತಿರುವುದರಿಂದ ಅದೂ ಅಳಿವಿನಂಚಿಗೆ ಬಂದಿದೆ. ಅಕ್ಟೋಬರ್, ನವೆಂಬರಿನಲ್ಲಿ ಹೋದರೆ ಬಾಬ್ ಎಲ್ ಮಂಡೆಬ್ ಜಲಸಂಧಿ ದಾಟಿ ಅರೇಬಿಯಾದಿಂದ ಬರುವ ಹದ್ದು, ಗಿಡುಗಗಳ ಸಾಲು ನೋಡಬಹುದು. 1987ರಲ್ಲಿ ಕೂತು ಎಣಿಸಿದಾಗ ಒಂದೇ ಋತುವಿನಲ್ಲಿ 2.4 ಲಕ್ಷಕ್ಕೂ ಜಾಸ್ತಿ ಲೆಕ್ಕ ಸಿಕ್ಕಿತ್ತು. ಡಿಸೆಂಬರಿಗೆ ಆ ಜಾತ್ರೆ ಮುಗಿದಿರುತ್ತದೆ.

ದುಡ್ಡಿನ ಮಾತು: ಜಿಬೂಟಿ ಅಗ್ಗದ ದೇಶ ಅಲ್ಲ. ದೋಣಿ, ಗಾಡಿ ಎರಡಕ್ಕೂ ಬೇರೆ ಪ್ರವಾಸಿಗರನ್ನು ಜೊತೆ ಸೇರಿಸಿಕೊಂಡು ಹೋದರೆ ಹೊರೆ ಕಡಿಮೆ. ವೀಸಾ ಆನ್‌ಲೈನಲ್ಲೇ ಆಗುತ್ತೆ. ಹೋಗುವಾಗಲೋ ಬರುವಾಗಲೋ ಇಥಿಯೋಪಿಯಾದಲ್ಲಿ ಇಳಿದು ಸುತ್ತುವ ಯೋಚನೆ ಇದ್ದರೆ ಹೊರಡುವ ಕನಿಷ್ಠ 10 ದಿನ ಮುಂಚೆ ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಿ. ವಾಪಸ್ ಬಂದಾಗ ನಮ್ಮ ವಿಮಾನ ನಿಲ್ದಾಣದಲ್ಲಿ ಅದರ ಕಾರ್ಡ್ ಕೇಳುತ್ತಾರೆ. ಮತ್ತೆ, ಅಸಾಲ್‌ನಲ್ಲಿ ತೇಲಬೇಕು ಅಂತ ಮಕ್ಕಳು ಹಟ ಮಾಡೇ ಮಾಡುತ್ತಾರೆ. ಹಳೇ ಚಪ್ಪಲಿ ಹಾಕಿಸಿ ಇಳಿಸಿ, ಉಪ್ಪಿನ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತೆ. ಮೈ ತೊಳೆಯೋಕೆ ಗಾಡಿಯಲ್ಲಿ ಒಂದು ಕ್ಯಾನ್ ಸಿಹಿನೀರು ಇರಲಿ.