ಗೋಬರ್ ಗ್ಯಾಸ್ ಗುಂಡಿಯಲ್ಲಿ ಎರಡು ಒಕ್ಕಲು

ಮದ್ದೂರಿನ ಹತ್ತಿರ ನಮ್ಮ ಸೋದರತ್ತೆಯ ಮನೆ. ಕೊಟ್ಟಿಗೆಯಲ್ಲಿ ನಾಲ್ಕು ಹಸು, ಹಿತ್ತಲಲ್ಲಿ ಗೋಬರ್ ಗ್ಯಾಸ್ ಗುಂಡಿ, ಅಲ್ಲಿಂದ ಅಡುಗೆಮನೆಗೆ ಪೈಪು. ಹೋದ ವರ್ಷ ಮಗನ ಮದುವೆಯಾಗಿ, ಬೀಗರೂಟ ಮುಗಿದ ಕೆಲವೇ ದಿನಕ್ಕೆ ಒಲೆ ಕೈಕೊಟ್ಟಿತು. ತಿರುಪು ತಿರುಗಿಸಿದರೆ ಬುಸ್ ಅಂತ ಗಾಳಿ ಬರುತ್ತಿತ್ತು. ಕಡ್ಡಿ ಗೀರಿದರೆ ಹತ್ತುತ್ತಿರಲಿಲ್ಲ. ‘ಯಾರ್ದೋ ಕಣ್ಣು ಬಿದ್ದದೆ ಕಣಪ್ಪ’ ಎಂದು ಅತ್ತೆ ಗುಂಡಿಯ ಪಕ್ಕದ ಕಂಬಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು. ಬೀಗರ ಕಡೆಯ ಹೆಂಗಸೊಬ್ಬರು ಗುಂಡಿ ನೋಡಿ ಹೊಗಳಿದ್ದರಂತೆ. ಅಷ್ಟಕ್ಕೇ ಮನೆಮಂದಿಗೆಲ್ಲ ಅವರ ಮೇಲೆ ಅನುಮಾನ.

ನನಗೆ ಸಂಕಟವಾಯಿತು. ಸಗಣಿ ಕಲಸುವ ತೊಟ್ಟಿಯ ಹತ್ತಿರ ಬಗ್ಗಿ ನೋಡಿದೆ. ಹಳಸಿದ ಅಂಬಲಿಯಂಥ ಹುಳಿ ವಾಸನೆ ಮೂಗಿಗೆ ಹೊಡೆಯಿತು. ವಿಚಾರಿಸಿದರೆ ವಿಷಯ ಹೊರಬಿತ್ತು: ಬೀಗರೂಟದಲ್ಲಿ ಮಿಕ್ಕ ಎರಡು ಹಂಡೆ ಅನ್ನವನ್ನೂ ಮುದ್ದೆಯನ್ನೂ ‘ಸುಮ್ನೆ ಯಾಕೆ ಹಾಳು’ ಎಂದು ಒಂದೇ ಸಲ ಗುಂಡಿಗೆ ಸುರಿದಿದ್ದರು.

ಸಗಣಿಯಿಂದ ಗ್ಯಾಸ್ ಮಾಡುವುದು ಬ್ಯಾಕ್ಟೀರಿಯಾ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಮಾತ್ರ ಸರಿ. ಗುಂಡಿಯೊಳಗೆ ಎರಡು ಒಕ್ಕಲುಗಳಿವೆ. ಮೊದಲನೆಯದು ಬ್ಯಾಕ್ಟೀರಿಯಾ. ಅವು ಸಗಣಿ, ಅನ್ನ, ಸೊಪ್ಪು ಏನಿದ್ದರೂ ಕೊಳೆಸಿ ಹುಳಿ ಮಾಡುತ್ತವೆ, ಜೊತೆಗೆ ಹೈಡ್ರೋಜನ್ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಎರಡನೆಯ ಒಕ್ಕಲು ಈ ಹುಳಿಯನ್ನೂ ಹೈಡ್ರೋಜನ್ನನ್ನೂ ತಿಂದು ಮೀಥೇನ್ ಮಾಡುತ್ತದೆ. ಒಲೆಯಲ್ಲಿ ನೀಲಿಯಾಗಿ ಉರಿಯುವುದು ಆ ಮೀಥೇನ್. ಈ ಎರಡನೆಯವು ಬ್ಯಾಕ್ಟೀರಿಯಾ ಅಲ್ಲವೇ ಅಲ್ಲ. ಅವುಗಳ ಹೆಸರು ಆರ್ಕಿಯಾ.

ಅತ್ತೆಯ ಮನೆಯಲ್ಲಿ ಆಗಿದ್ದು ಇಷ್ಟೇ. ಅನ್ನ ಸಿಕ್ಕಿದ್ದೇ ತಡ, ಬ್ಯಾಕ್ಟೀರಿಯಾ ಮುಗಿಬಿದ್ದು ಹುಳಿ ಮಾಡಿದವು. ನಿಧಾನಕ್ಕೆ ಬೆಳೆಯುವ ಆರ್ಕಿಯಾಗೆ ಅಷ್ಟನ್ನು ತಿಂದು ಮುಗಿಸಲಾಗಲಿಲ್ಲ. ಹುಳಿ ಜಾಸ್ತಿಯಾದಷ್ಟೂ ಅವು ಸೊರಗಿದವು. ಪೈಪಿನಲ್ಲಿ ಬಂದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್. ಅದು ಎಲ್ಲಾದರೂ ಉರಿಯುತ್ತದೆಯೇ?

ಅತ್ತೆಯ ಮೊಮ್ಮಗಳು ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು. ‘ನಮ್ಮ ಪುಸ್ತಕದಲ್ಲಿ ಇವೆಲ್ಲ ಒಂದೇ ಗುಂಪು, ಮೊನೆರಾ’ ಅಂದಳು. ಜೀವಿಗಳನ್ನೆಲ್ಲ ಐದು ಸಾಮ್ರಾಜ್ಯಗಳಾಗಿ ಹಂಚುವ ಆ ಪಟ್ಟಿ 1969ರಲ್ಲಿ ಜೀವವಿಜ್ಞಾನಿ ವಿಟೇಕರ್ ಕೊಟ್ಟಿದ್ದು: ಮೊನೆರಾ, ಪ್ರೊಟಿಸ್ಟಾ, ಶಿಲೀಂಧ್ರ, ಸಸ್ಯ, ಪ್ರಾಣಿ. 1735ರಲ್ಲಿ ಲಿನೇಯಸ್ ಜೀವಿಗಳನ್ನು ಗಿಡ ಮತ್ತು ಪ್ರಾಣಿ ಎಂದು ಎರಡೇ ಪಾಲು ಮಾಡಿದ್ದ. 1866ರಲ್ಲಿ ಹೆಕೆಲ್ ಮೂರನೆಯದನ್ನು ಸೇರಿಸಿದ. ಮೂವರೂ ದೊಡ್ಡವರೇ. ಆದರೆ ಮೂವರೂ ಮುಖ್ಯವಾಗಿ ನೋಡಿದ್ದು ಮೈಕಟ್ಟು ಮತ್ತು ಬದುಕುವ ರೀತಿ. ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯಾ ಒಂದು ಕಡ್ಡಿ, ಆರ್ಕಿಯಾ ಇನ್ನೊಂದು ಕಡ್ಡಿ. ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ಒಂದೇ ಥರದ ಅಂಗಿ ಹಾಕಿದ ಇಬ್ಬರು ನಿಂತಿದ್ದರೆ ಯಾವ ಊರಿನವರೆಂದು ಹೇಗೆ ಹೇಳುತ್ತೀರಿ? ಬಾಯಿ ಬಿಟ್ಟರೆ ತಾನೇ ಗೊತ್ತಾಗುವುದು?

ಜೀವಕೋಶಕ್ಕೆ ಬಾಯಿ ಬಿಡಿಸಿದವರು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕಾರ್ಲ್ ವೋಸ್. ಅವರು ಓದಿದ್ದು ಭೌತಶಾಸ್ತ್ರ. ಪ್ರತಿಯೊಂದು ಜೀವಕೋಶದಲ್ಲೂ ಪ್ರೋಟೀನ್ ತಯಾರಿಸುವ ರೈಬೋಸೋಮ್ ಇರುತ್ತದೆ. ಹಸುವಿನಲ್ಲೂ ಕಬ್ಬಿನಲ್ಲೂ ಇದೆ, ನಿಮ್ಮಲ್ಲೂ ಇದೆ. ಅದರೊಳಗಿನ ಆರ್‌ಎನ್‌ಎ ಒಂದು ಉದ್ದನೆಯ ಬರಹ. ಸೂಕ್ಷ್ಮಜೀವಿಗಳಲ್ಲಿ ವೋಸ್ ಆರಿಸಿಕೊಂಡ ತುಂಡಿನಲ್ಲಿ ಸುಮಾರು 1,500 ಅಕ್ಷರ.

ಅಜ್ಜಿಯ ಕೈಬರಹದ ಮೈಸೂರು ಪಾಕ್ ಚೀಟಿಯನ್ನು ನೆನೆಸಿಕೊಳ್ಳಿ. ಮೂವರು ಹೆಣ್ಣುಮಕ್ಕಳು ನಕಲು ಮಾಡಿಕೊಂಡರು, ಅವರಿಂದ ಮೊಮ್ಮಕ್ಕಳು. ಒಬ್ಬಳು ‘ಒಂದು ಪಾವು’ ಎನ್ನುವ ಕಡೆ ‘ಅರ್ಧ ಪಾವು’ ಎಂದು ತಪ್ಪಾಗಿ ಬರೆದರೆ ಆ ತಪ್ಪು ಅವಳ ಮಕ್ಕಳ ಚೀಟಿಯಲ್ಲೆಲ್ಲ ಇರುತ್ತದೆ, ಉಳಿದವರಲ್ಲಿ ಇರುವುದಿಲ್ಲ. ಐವತ್ತು ಚೀಟಿ ಪಕ್ಕಪಕ್ಕದಲ್ಲಿ ಇಟ್ಟರೆ ಯಾರು ಯಾರ ಮನೆಯಿಂದ ಬಂದವರೆಂದು ಹೇಳಬಹುದು. ಮುಖ ನೋಡುವ ಅಗತ್ಯವೇ ಇಲ್ಲ. ಭಾಷೆಯಲ್ಲೂ ಹೀಗೇ. ಮಂಡ್ಯದ ಕನ್ನಡಕ್ಕೂ ಧಾರವಾಡದ ಕನ್ನಡಕ್ಕೂ ವ್ಯತ್ಯಾಸವಿದ್ದರೂ ಎರಡೂ ಕನ್ನಡ. ತೆಲುಗು ಸ್ವಲ್ಪ ದೂರದ ನೆಂಟ. ಹಿಂದಿಯ ಬುಡವೇ ಬೇರೆ. ರೈಬೋಸೋಮಿನ ಬರಹ ಬಹಳ ನಿಧಾನವಾಗಿ ಬದಲಾಗುತ್ತದೆ. ಹಾಗಾಗಿ ನೂರಾರು ಕೋಟಿ ವರ್ಷದ ಹಳೆಯ ನೆಂಟಸ್ತಿಕೆಯೂ ಅದರಲ್ಲಿ ಉಳಿದಿದೆ.

ಆಗ ಇಡೀ ಬರಹವನ್ನು ಒಟ್ಟಿಗೆ ಓದುವ ಯಂತ್ರವಿರಲಿಲ್ಲ. ಕಿಣ್ವ ಹಾಕಿ ಅದನ್ನು ಚೂರು ಮಾಡಬೇಕು. ಚೂರುಗಳು ಫಿಲ್ಮಿನ ಮೇಲೆ ಕಪ್ಪು ಚುಕ್ಕೆಗಳಾಗಿ ಮೂಡುತ್ತವೆ. ವೋಸ್ ಆ ಫಿಲ್ಮುಗಳನ್ನು ದೀಪದ ಪೆಟ್ಟಿಗೆಯ ಮೇಲಿಟ್ಟು ವರ್ಷಗಟ್ಟಲೆ ಒಂದೊಂದೇ ಚುಕ್ಕೆ ಓದಿದರು. ಸಹೋದ್ಯೋಗಿ ರಾಲ್ಫ್ ವುಲ್ಫ್ ಮೀಥೇನ್ ಮಾಡುವ ಜೀವಿಗಳನ್ನು ಬೆಳೆಸುವುದರಲ್ಲಿ ಪಳಗಿದವರು. ಅವರ ಪ್ರಯೋಗಾಲಯದ ಜೀವಿಯನ್ನು ಪರೀಕ್ಷೆಗೆ ಹಚ್ಚಿದಾಗ, ಎಲ್ಲ ಬ್ಯಾಕ್ಟೀರಿಯಾದಲ್ಲೂ ಇರಲೇಬೇಕಾದ ಚೂರುಗಳೇ ಅದರಲ್ಲಿ ಕಾಣಲಿಲ್ಲ. ಇದು ಬೇರೆಯದೇ ವಂಶ!

1977ರಲ್ಲಿ ವೋಸ್ ಮತ್ತು ಜಾರ್ಜ್ ಫಾಕ್ಸ್ ಇದನ್ನು ಪ್ರಕಟಿಸಿದರು. ನೊಬೆಲ್ ಪಡೆದಿದ್ದ ಸಾಲ್ವಡಾರ್ ಲೂರಿಯಾ ವುಲ್ಫ್ ಅವರಿಗೆ ಫೋನ್ ಮಾಡಿ, ಈ ಅಸಂಬದ್ಧದಿಂದ ದೂರವಿರಿ ಎಂದರಂತೆ. ಆದರೆ ಪುರಾವೆ ಒಂದೊಂದಾಗಿ ಸೇರುತ್ತಾ ಹೋಯಿತು. ಆರ್ಕಿಯಾದ ಹೊರಪೊರೆಯ ಕೊಬ್ಬೇ ಬೇರೆ ಥರ. 1990ರಲ್ಲಿ ವೋಸ್ ಮತ್ತು ಸಂಗಡಿಗರು ಜೀವಲೋಕವನ್ನು ಮೂರು ದೊಡ್ಡ ಪಾಲು ಮಾಡಿದರು: ಬ್ಯಾಕ್ಟೀರಿಯಾ, ಆರ್ಕಿಯಾ, ಮತ್ತು ಕೋಶದೊಳಗೆ ನ್ಯೂಕ್ಲಿಯಸ್ ಇರುವ ಜೀವಿಗಳು. ಹಸು, ಕಬ್ಬು, ಅಣಬೆ, ಅತ್ತೆ, ನಾನು, ನೀವು ಎಲ್ಲರೂ ಆ ಮೂರನೆಯ ಪಾಲಿನ ಒಂದು ಮೂಲೆ ಅಷ್ಟೇ.

ನನಗೆ ಇದಕ್ಕಿಂತ ಖುಷಿ ಕೊಡುವ ವಿಷಯ ಇನ್ನೊಂದಿದೆ. ಜೀನ್‌ಗಳನ್ನು ಓದುವ ಕೆಲಸದಲ್ಲಿ ಆರ್ಕಿಯಾ ಹೋಲುವುದು ಬ್ಯಾಕ್ಟೀರಿಯಾವನ್ನಲ್ಲ, ನಮ್ಮನ್ನು. 2015ರಲ್ಲಿ ಅಟ್ಲಾಂಟಿಕ್ ಸಾಗರದ ತಳದ ಕೆಸರಿನಲ್ಲಿ ಇನ್ನೂ ಹತ್ತಿರದ ನೆಂಟರ ಡಿಎನ್‌ಎ ಸಿಕ್ಕಿತು. ಅವುಗಳಿಗೆ ಲೋಕಿ ಎಂದು ಹೆಸರಿಟ್ಟಿದ್ದಾರೆ.

ಗುಂಡಿಯ ಕಥೆ ಹೇಳುವುದು ಮರೆತೆ. ಕೆಲವು ದಿನ ಏನನ್ನೂ ಹಾಕಬೇಡಿ ಎಂದೆ. ಆಮೇಲೆ ಸ್ವಲ್ಪ ಸುಣ್ಣದ ತಿಳಿ, ಮತ್ತೆ ದಿನಾ ಒಂದಿಷ್ಟು ಹೊಸ ಸಗಣಿ. ಹಸುವಿನ ಹೊಟ್ಟೆಯಲ್ಲೇ ಈ ಆರ್ಕಿಯಾ ಇರುವುದರಿಂದ ಸಗಣಿಯೇ ಹೆಪ್ಪು. ಎರಡು ವಾರ ಕಳೆದ ಮೇಲೆ ಒಲೆ ಹತ್ತಿತು ಎಂದು ಅತ್ತೆ ಫೋನ್ ಮಾಡಿದರು. ಬೀಗರ ಕಡೆಯ ಆ ಹೆಂಗಸನ್ನೇ ಕರೆಸಿ, ಅದೇ ಒಲೆಯಲ್ಲಿ ಹಾಲು ಕಾಯಿಸಿ ಕಾಫಿ ಕೊಟ್ಟರಂತೆ.