ಚಳಿಯಲ್ಲಿ ಹಳೇ ಕಾರನ್ನು ಎಷ್ಟು ಹೊತ್ತು ಬಿಸಿ ಮಾಡಬೇಕು?

ಪ್ರಶ್ನೆ: ನಮ್ಮದು 1996ರ ಮಾರುತಿ 800. ಧನುರ್ಮಾಸದಲ್ಲಿ ಬೆಳಗ್ಗೆ ಐದಕ್ಕೆಲ್ಲ ದೇವಸ್ಥಾನಕ್ಕೆ ಹೊರಡಬೇಕು, ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಗುವುದಿಲ್ಲ. ಆದಮೇಲೂ ಹತ್ತು ನಿಮಿಷ ನಿಂತಲ್ಲೇ ಬಿಸಿ ಮಾಡಿ ತೆಗೀಬೇಕು ಅಂತ ನಮ್ಮ ಮಾವ ಹೇಳುತ್ತಾರೆ. ಸರೀನಾ?

ಉತ್ತರ: ನವೆಂಬರ್‌ನಿಂದ ಶಿವರಾತ್ರಿವರೆಗೆ ನನಗೆ ಬರುವ ಪ್ರಶ್ನೆಗಳಲ್ಲಿ ಇದೇ ಜಾಸ್ತಿ. ಪ್ರತಿ ವರ್ಷ ಹೇಳುತ್ತೇನೆ, ಈ ವರ್ಷವೂ ಹೇಳುತ್ತೇನೆ. ಹತ್ತು ನಿಮಿಷ ಬೇಡ. ಒಂದು ನಿಮಿಷ ಸಾಕು.

ಮೊದಲು ಸ್ಟಾರ್ಟ್ ಮಾಡುವ ವಿಷಯ ಮುಗಿಸೋಣ. ಹೆಡ್‌ಲೈಟ್, ಫ್ಯಾನ್ ಆಫ್ ಇರಲಿ. ಚೋಕ್ ಪೂರ್ತಿ ಎಳೆಯಿರಿ, ಅದೇನು ಮಾಡುತ್ತದೆ ಅಂತ ಮುಂದೆ ಹೇಳುತ್ತೇನೆ. ಕ್ಲಚ್ ಒತ್ತಿ ಹಿಡಿಯಿರಿ, ಗಟ್ಟಿಯಾದ ಗೇರ್ ಆಯಿಲ್ ತಿರುಗಿಸುವ ಭಾರ ಸೆಲ್ಫ್ ಮೋಟರಿಗೆ ತಪ್ಪುತ್ತದೆ. ಐದು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಆಗಲಿಲ್ಲವಾ? ಹದಿನೈದು ಸೆಕೆಂಡ್ ಬಿಟ್ಟು ಮತ್ತೆ ಹೊಡೆಯಿರಿ. ಒಂದೇ ಸಮ ಹೊಡೆಯುತ್ತಾ ಕೂತರೆ ಬ್ಯಾಟರಿಯೂ ಇಳಿಯುತ್ತದೆ, ಮೋಟರೂ ಕಾಯುತ್ತದೆ. ಎಂಟು ದಿನ ನಿಂತ ಗಾಡಿಯಾದರೆ, ಪೆಟ್ರೋಲ್‌ಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬೊರೇಟರ್‌ನಲ್ಲಿದ್ದ ಪೆಟ್ರೋಲ್ ಆರಿರುತ್ತದೆ. ಪಂಪು ಅದನ್ನು ತುಂಬುವವರೆಗೆ ಮೂರ್ನಾಲ್ಕು ಸಲ ಹೊಡೆಯಬೇಕಾಗಬಹುದು. ಗಾಬರಿ ಬೇಡ.

ಸುಮ್ನೆ ಎಕ್ಸಿಲರೇಟರ್ ತುಳಿತಾ ಇರಬೇಡಿ. ಒಂದೊಂದು ತುಳಿತಕ್ಕೂ ಕಾರ್ಬೊರೇಟರ್ ಒಳಗೆ ಪೆಟ್ರೋಲ್ ಚಿಮ್ಮುತ್ತದೆ, ಕಿಡಿ ಹಾರಿಸುವ ಪ್ಲಗ್ ನೆನೆದು ಓವರ್‌ಫ್ಲೋ ಆಗುತ್ತದೆ. ಪೆಟ್ರೋಲ್ ವಾಸನೆ ಮೂಗಿಗೆ ಬಡಿದರೆ ಚೋಕ್ ಒಳಗೆ ತಳ್ಳಿ, ಎಕ್ಸಿಲರೇಟರ್ ನೆಲಕ್ಕೆ ಮುಟ್ಟುವ ಹಾಗೆ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಗಾಳಿ ಹರಿದು ಒಳಗೆಲ್ಲ ಒಣಗುತ್ತದೆ.

ಇನ್ನು ನಿಮ್ಮ ಮಾವನವರ ಹತ್ತು ನಿಮಿಷ.

ತಣ್ಣಗಿನ ಇಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಆವಿಯಾಗದ್ದು ಉರಿಯುವುದೂ ಇಲ್ಲ. ಅದಕ್ಕೇ ಚೋಕ್ ಇರುವುದು. ಅದು ಗಾಳಿ ಬರುವ ಬಾಯಿ ಮುಚ್ಚಿ ಪೆಟ್ರೋಲ್ ಪಾಲು ಹೆಚ್ಚಿಸುತ್ತದೆ. ಆವಿಯಾದಷ್ಟು ಉರಿಯುತ್ತದೆ. ಉಳಿದದ್ದು ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ. ಅದು ಹನಿಯಾಗಿ ಸಿಲಿಂಡರ್ ಗೋಡೆಗೆ ಬಡಿದು, ಅಲ್ಲಿರುವ ಆಯಿಲ್ ಪದರವನ್ನು ತೊಳೆದುಹಾಕುತ್ತದೆ. ಆಮೇಲೆ ಪಿಸ್ಟನ್ ರಿಂಗ್ ಸಂದಿಯಲ್ಲಿ ಇಳಿದು ಕೆಳಗಿನ ಆಯಿಲ್ ಜೊತೆ ಬೆರೆಯುತ್ತದೆ. ಆಯಿಲ್ ತೆಳ್ಳಗಾಗುತ್ತದೆ. ಇಂಜಿನ್ ಉಳಿಯಲಿ ಅಂತ ನಿಂತಲ್ಲೇ ಓಡಿಸುವ ಹತ್ತು ನಿಮಿಷದಲ್ಲೇ ಅದು ಸವೆಯುತ್ತಿರುತ್ತದೆ.

ಒಬ್ಬ ಹಿರಿಯರು ದಿನಾ ಬೆಳಗ್ಗೆ ಚೋಕ್ ಎಳೆದಿಟ್ಟು, ಒಳಗೆ ಹೋಗಿ ಕಾಫಿ ಕುಡಿದು ಬರುತ್ತಿದ್ದರು. ಗಾಡಿ ನಮ್ಮ ಶೆಡ್ಡಿಗೆ ಬಂದಾಗ ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ಅವರ ಮೂಗಿನ ಹತ್ತಿರ ಹಿಡಿದೆ. ಆಯಿಲ್ ಪೆಟ್ರೋಲ್ ವಾಸನೆ ಹೊಡೆಯುತ್ತಿತ್ತು. ಪ್ಲಗ್ ಬಿಚ್ಚಿ ತೋರಿಸಿದೆ, ಮೂರೂ ಕಾಡಿಗೆಯ ಹಾಗೆ ಕಪ್ಪಗಿದ್ದವು. ಅವತ್ತೇ ಆ ಅಭ್ಯಾಸ ಬಿಟ್ಟರು. ನನ್ನ ಮಾತಿಗಿಂತ ಆ ವಾಸನೆಯೇ ಚೆನ್ನಾಗಿ ಕೆಲಸ ಮಾಡಿತು.

‘ಆಯಿಲ್ ಮೇಲೆ ಹತ್ತಬೇಕಲ್ವಾ?’ ಅಂತ ಕೇಳುತ್ತೀರಿ. ಹತ್ತಬೇಕು. ಅದಕ್ಕೆ ಕೆಲವೇ ಸೆಕೆಂಡ್ ಸಾಕು, ಕೆಂಪು ಆಯಿಲ್ ದೀಪ ಆರುವುದನ್ನು ನೀವೇ ನೋಡುತ್ತೀರಿ. ಈಗ ಸಿಗುವ 20ಡಬ್ಲ್ಯೂ-50 ದರ್ಜೆಯ ಇಂಜಿನ್ ಆಯಿಲ್‌ಗೆ ಮಡಿಕೇರಿ, ಚಿಕ್ಕಮಗಳೂರಿನ ಚಳಿ ದೊಡ್ಡದಲ್ಲ. ಇನ್ನೂ ಒಂದು ಮಾತು. ಗಾಡಿಯಲ್ಲಿ ಬಿಸಿಯಾಗಬೇಕಾದ್ದು ಇಂಜಿನ್ ಒಂದೇ ಅಲ್ಲ. ಗೇರ್‌ಬಾಕ್ಸ್, ಚಕ್ರದ ಬೇರಿಂಗ್, ಟೈರು ಇವೆಲ್ಲ ಓಡಿದರೆ ಮಾತ್ರ ಬಿಸಿಯಾಗುತ್ತವೆ. ನಿಂತ ಇಂಜಿನ್ನಿಗೆ ಹೊರೆಯೇ ಇಲ್ಲ, ಅದೂ ನಿಧಾನಕ್ಕೇ ಕಾಯುತ್ತದೆ.

ಈ ನಂಬಿಕೆ ಎಲ್ಲಿಂದ ಬಂತು? ನನಗನ್ನಿಸುವುದು, ಬಸ್ ಡಿಪೋದಿಂದ. ಬೆಳಗಿನ ಜಾವ ಬಸ್ಸುಗಳು ಗುರ್ ಅಂತ ನಿಂತಿರುವುದನ್ನು ನಾವೆಲ್ಲ ನೋಡಿದ್ದೇವೆ. ಅವು ಬ್ರೇಕಿಗೆ ಗಾಳಿ ತುಂಬಿಸಿಕೊಳ್ಳುತ್ತಿರುತ್ತವೆ. ಏರ್ ಬ್ರೇಕಿನ ಗಾಡಿ ಗಾಳಿ ತುಂಬದೆ ಹೊರಡುವಂತಿಲ್ಲ. ನಿಮ್ಮ ಮಾರುತಿಗೆ ಏರ್ ಬ್ರೇಕ್ ಇಲ್ಲ.

ಆದ್ದರಿಂದ ಸ್ಟಾರ್ಟ್ ಆದಮೇಲೆ ಅರ್ಧ ನಿಮಿಷದಿಂದ ಒಂದು ನಿಮಿಷ ಕಾಯಿರಿ. ಚೋಕ್ ಅರ್ಧ ಒಳಗೆ ತಳ್ಳಿ ಹೊರಡಿ. ಮೊದಲ ಎರಡು ಮೂರು ಕಿಲೋಮೀಟರ್ ರೈಸ್ ಮಾಡದೆ ಮೆತ್ತಗೆ ಓಡಿಸಿ. ಇಂಜಿನ್ ನಡುಗದೆ ಓಡಿದ ಕೂಡಲೇ ಚೋಕ್ ಪೂರ್ತಿ ಒಳಗೆ. ಮರೆಯಬೇಡಿ. ಶಟರ್ ಎಳೆದ ಶೆಡ್ಡಿನೊಳಗೆ ಮಾತ್ರ ಒಂದು ನಿಮಿಷವೂ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಅದು ಜೀವ ತೆಗೆಯುತ್ತದೆ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಚಳಿಯಲ್ಲಿ ಸೈಲೆನ್ಸರ್‌ನಿಂದ ಬಿಳಿ ಹೊಗೆ ಬಂದು, ನೀರು ತೊಟ್ಟಿಕ್ಕುವುದನ್ನು ಕಂಡು ಎಷ್ಟೋ ಜನ ಹೆದರುತ್ತಾರೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತದೆ, ಗೊತ್ತಾ? ಬೇಸಿಗೆಯಲ್ಲಿ ಅದು ಆವಿಯಾಗಿ ಕಣ್ಣಿಗೆ ಕಾಣದೆ ಹೋಗುತ್ತದೆ. ಚಳಿಯಲ್ಲಿ ತಣ್ಣಗಿನ ಸೈಲೆನ್ಸರ್‌ಗೆ ತಾಗಿ ನೀರಾಗುತ್ತದೆ. ನಾಲ್ಕಾರು ಕಿಲೋಮೀಟರ್ ಓಡಿದರೆ ಒಣಗುತ್ತದೆ. ನಿಂತಲ್ಲೇ ಹತ್ತು ನಿಮಿಷ ಓಡಿಸಿ ಆಫ್ ಮಾಡಿದರೆ ಅಲ್ಲೇ ಉಳಿದು ಸೈಲೆನ್ಸರನ್ನು ಒಳಗಿಂದ ತುಕ್ಕು ಹಿಡಿಸುತ್ತದೆ. ಇಂಜಿನ್ ಪೂರ್ತಿ ಬಿಸಿಯಾದಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ, ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ, ಆಗ ಹೆಡ್ ಗ್ಯಾಸ್ಕೆಟ್ ಮೇಲೆ, ಅಂದರೆ ರೇಡಿಯೇಟರ್ ನೀರು ಸಿಲಿಂಡರ್ ಒಳಗೆ ಹೋಗದಂತೆ ತಡೆಯುವ ಪದರದ ಮೇಲೆ, ಅನುಮಾನ ಪಡಬೇಕು. ಅಂಥ ಗಾಡಿಯನ್ನು ಓಡಿಸಿಕೊಂಡು ಬರಬೇಡಿ. ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ.